ಹೊಸದಾಗಿ ಬಂದವರು ಕೇಳದೆ ಬಿಡುವ ಪ್ರಶ್ನೆಗಳು

ಟೊರಾಂಟೊದ ನಮ್ಮ ಕನ್ನಡ ಸಂಘದ ಪತ್ರಿಕೆಯ ಈ ಸಂಚಿಕೆಯ ಸಂಪಾದಕೀಯವನ್ನು ಕಲಬುರಗಿಯಲ್ಲಿ, ಬ್ರಹ್ಮಪುರದ ನಮ್ಮ ಹಳೆಯ ಮನೆಯ ಪಡಸಾಲೆಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಮೃಗಶಿರಾ ಮಳೆ ಒಂದು ಸಲ ಸುರಿದು ಹೋಗಿದೆ; ಸೇಡಂ, ಚಿತ್ತಾಪುರದ ಕಡೆ ತೊಗರಿ ಬಿತ್ತನೆಗೆ ಹೊಲಗಳು ಹದಕ್ಕೆ ಬರುತ್ತಿವೆ. ನಾನು ಊರಿಗೆ ಬಂದಿರುವುದು ತಿಳಿದು ಕಳೆದ ವಾರ ಸೇಡಂ ತಾಲ್ಲೂಕಿನ ಒಂದು ಕುಟುಂಬ ಮನೆಗೆ ಬಂದಿತ್ತು. ಅವರ ಮಗ, ಸೊಸೆ ಸೆಪ್ಟೆಂಬರ್ ಮೊದಲ ವಾರದಲ್ಲಿ ಟೊರಾಂಟೊಗೆ ಹೊರಡುತ್ತಿದ್ದಾರೆ. ಹುಡುಗ ಸಿವಿಲ್ ಇಂಜಿನಿಯರ್; ಸೊಸೆ ಸುರಪುರದ ಕಡೆಯವಳು, ನರ್ಸಿಂಗ್ ಓದಿ ಇಲ್ಲಿಯೇ ನಾಲ್ಕು ವರ್ಷ ಕೆಲಸ ಮಾಡಿದವಳು. ಒಂದೂವರೆ ತಾಸು ಹಿರಿಯರೇ ಪ್ರಶ್ನೆ ಕೇಳಿದರು. ಅಲ್ಲಿ ನೀರು ಹೇಗೆ, ಗುಡಿ ಇದೆಯೇ, ಜೋಳದ ಹಿಟ್ಟು ಸಿಗುತ್ತದೆಯೇ ಎಂದೆಲ್ಲ ಅವರು ವಿಚಾರಿಸುವಾಗ ಹೊರಡಬೇಕಾದ ಇಬ್ಬರೂ ತಲೆ ತಗ್ಗಿಸಿ ಚಹಾ ಕುಡಿಯುತ್ತಿದ್ದರು. ಎಲ್ಲರೂ ಚಪ್ಪಲಿ ಹಾಕಿಕೊಳ್ಳುವಾಗ ಆ ಹೆಣ್ಣುಮಗಳು ಒಂದು ಹೆಜ್ಜೆ ಹಿಂದೆ ನಿಂತು ಮೆಲ್ಲಗೆ ಕೇಳಿದಳು: "ಕಾಕಾ, ಅಲ್ಲಿ ಬಾಗಲಾ ತಾನೇ ಕೀಲಿ ಬೀಳತದಂತ್ರಿ. ಒಳಗ ಕೀಲಿ ಮರತು ಹೊರಗ ಬಂದ್ರ ಏನ್ ಮಾಡಬೇಕ್ರಿ?"

ಇನ್ನೊಂದು ಕೀಲಿ ನಮ್ಮ ಮನೆಯಲ್ಲಿ ಇಡವ್ವ, ಎಂದೆ. ಅವಳ ಮುಖ ಸಡಿಲಾದುದನ್ನು ಕಂಡಾಗ, ವೀಸಾ, ಕೆಲಸ, ಸಂಬಳದ ಬಗ್ಗೆ ನಡೆದ ಅಷ್ಟೂ ಮಾತಿಗಿಂತ ಈ ಒಂದು ಪ್ರಶ್ನೆಯೇ ಅವಳನ್ನು ಹೆಚ್ಚು ಕಾಡುತ್ತಿತ್ತು ಎಂದು ನನಗೆ ಮನವರಿಕೆಯಾಯಿತು. ಟೊರಾಂಟೊಗೆ ಬಂದ ಮೇಲೆ ಇಂಥ ಪ್ರಶ್ನೆಯನ್ನು ಅವಳು ಯಾರ ಮುಂದೆಯೂ ಎತ್ತಲಾರಳು ಎಂಬುದೂ ನನಗೆ ಗೊತ್ತಿದೆ, ಏಕೆಂದರೆ ನಾನೂ ಎತ್ತಿರಲಿಲ್ಲ. ನಮ್ಮ ಕಡೆ ಪರದೇಶಕ್ಕೆ ಹೋಗುವವರನ್ನು ಶಾಲು ಹೊದಿಸಿ, ಹಾರ ಹಾಕಿ, ಓಣಿಯ ಜನರೆಲ್ಲ ಸೇರಿ ಕಳಿಸುತ್ತಾರೆ. ಹೊರಡುವ ದಿನವೇ ಅವರು ಗೆದ್ದವರ ಸಾಲಿಗೆ ಸೇರಿಬಿಡುತ್ತಾರೆ. ಗೆದ್ದವನೆಂದು ಹೆಸರಾದವನು ಹದಿನೈದು ದಿನ ಕಳೆಯುವಷ್ಟರಲ್ಲಿ ಫೋನ್ ಮಾಡಿ, ಬಸ್ಸಿಗೆ ಯಾವ ಕಾರ್ಡ್ ತೋರಿಸಬೇಕೋ ತಿಳಿಯುತ್ತಿಲ್ಲ ಎಂದು ಹೇಳುವುದಾದರೂ ಹೇಗೆ? ಊರಿನಲ್ಲಿ ಯಾರ ಮನೆಯ ಬಾಗಿಲನ್ನಾದರೂ ಬಡಿದು ಏನನ್ನಾದರೂ ಕೇಳಬಲ್ಲ ನಮ್ಮ ಜನ, ಅಲ್ಲಿಗೆ ಬಂದ ಮೊದಲ ತಿಂಗಳುಗಳಲ್ಲಿ ಬಾಯಿಗೆ ಬೀಗ ಹಾಕಿಕೊಳ್ಳುವುದು ಇದರಿಂದಲೇ.

ನನ್ನ ಸಂಗತಿಯನ್ನೇ ಹೇಳುತ್ತೇನೆ. ನಾವು 2003ರ ಅಕ್ಟೋಬರಿನಲ್ಲಿ ಟೊರಾಂಟೊಗೆ ಬಂದಾಗ, ಆ ಊರಿರುವ ಒಂಟಾರಿಯೊ ಪ್ರಾಂತ್ಯದಲ್ಲಿ ಹೊಸದಾಗಿ ನೆಲೆಸಿದವರಿಗೆ ಸರ್ಕಾರದ ಆರೋಗ್ಯ ವಿಮೆ ಸಿಗಲು ಮೂರು ತಿಂಗಳು ಕಾಯಬೇಕಾಗಿತ್ತು. ಎರಡನೆಯ ತಿಂಗಳಲ್ಲಿ ಮಗಳಿಗೆ ಜ್ವರ ಬಂತು. ಆ ವಿಮೆಯ ಕಾರ್ಡ್ ಇಲ್ಲದೆ ಆಸ್ಪತ್ರೆಗೆ ಹೋದರೆ ತಂದ ಹಣವೆಲ್ಲ ಕರಗಿಹೋಗುತ್ತದೆಂಬ ಭಯದಲ್ಲಿ ನಾನು ಎರಡು ರಾತ್ರಿ ಒದ್ದೆ ಬಟ್ಟೆಯನ್ನು ಅವಳ ಹಣೆಯ ಮೇಲೆ ಹಾಕುತ್ತ ಕಳೆದೆ. ಮೂರನೆಯ ಬೆಳಿಗ್ಗೆ ಮೇಲಿನ ಮನೆಯ ಹೆಂಗಸು ಕೂಸಿನ ಅಳು ಕೇಳಿ ತಾನಾಗಿಯೇ ಇಳಿದು ಬಂದು, ಹತ್ತು ನಿಮಿಷದ ದಾರಿಯಲ್ಲಿದ್ದ ಕ್ಲಿನಿಕ್ಕಿಗೆ ನಮ್ಮನ್ನು ಕರೆದೊಯ್ದಳು. ಅಲ್ಲಿ ಕೊಟ್ಟ ಶುಲ್ಕ ನಾನು ಹೆದರಿದ್ದರಲ್ಲಿ ಒಂದು ಅಂಶವೂ ಇರಲಿಲ್ಲ. ಆ ಮೂರು ತಿಂಗಳ ಮಟ್ಟಿಗೆ ಖಾಸಗಿ ವಿಮೆ ಕೊಳ್ಳಬಹುದಿತ್ತು ಎಂಬುದೂ ಆಮೇಲೆ ತಿಳಿಯಿತು. ಅದನ್ನು ಹೇಳಬಲ್ಲ ಕನ್ನಡಿಗರು ನಾಲ್ಕು ಕಿಲೋಮೀಟರ್ ಒಳಗೇ ಇದ್ದರು, ನಾನು ಕೇಳಿರಲಿಲ್ಲ ಅಷ್ಟೇ. ಮಗಳ ಆ ಎರಡು ರಾತ್ರಿಗಳನ್ನು ನೆನೆದಾಗ ಈಗಲೂ ನನಗೆ ಸಂಕಟವಾಗುತ್ತದೆ.

ಒಂಟಾರಿಯೊ ಆ ಕಾಯುವ ಅವಧಿಯನ್ನು 2020ರ ಮಾರ್ಚಿನಲ್ಲಿ ತೆಗೆದುಹಾಕಿತು. ಖಾಯಂ ನಿವಾಸಿಗಳಾಗಿ ಬರುವವರು ಈಗ ಬಂದ ವಾರವೇ ಅರ್ಜಿ ಕೊಡಬಹುದು. ವಲಸೆಯ ದಾಖಲೆ, ಗುರುತಿನ ದಾಖಲೆ, ವಾಸದ ವಿಳಾಸದ ದಾಖಲೆ ಈ ಮೂರೂ ಕೈಯಲ್ಲಿರಬೇಕು. ಬ್ರಿಟಿಷ್ ಕೊಲಂಬಿಯಾದಲ್ಲಿ ಮಾತ್ರ ಬಂದ ತಿಂಗಳು ಮುಗಿದ ಮೇಲೆ ಇನ್ನೂ ಎರಡು ತಿಂಗಳು ಕಾಯಬೇಕು. ಆದ್ದರಿಂದ ಬೇರೆ ಪ್ರಾಂತ್ಯದ ನೆಂಟರ ಮಾತನ್ನು ನಂಬಿ ನಡೆಯಬಾರದು. ಓದಲು ಬರುವ ಮಕ್ಕಳಿಗೆ ಈ ಕಾರ್ಡ್ ಇಲ್ಲ, ಅವರಿಗೆ ವಿಶ್ವವಿದ್ಯಾಲಯದ ಮೂಲಕ ಬೇರೆ ವಿಮೆ ಇರುತ್ತದೆ. ತುರ್ತು ಸ್ಥಿತಿಗೆ 911. ಆದರೆ ಮಗುವಿನ ಜ್ವರ ಎಷ್ಟಿದ್ದರೆ ಆಸ್ಪತ್ರೆಗೆ ಹೋಗಬೇಕು ಎಂಬಂಥ ಪ್ರಶ್ನೆಯನ್ನು 811ಕ್ಕೆ ಕರೆ ಮಾಡಿ ದಿನದ ಯಾವ ಹೊತ್ತಿನಲ್ಲಾದರೂ ನರ್ಸ್ ಒಬ್ಬರನ್ನು ಕೇಳಬಹುದು, ಅದಕ್ಕೆ ಹಣವಿಲ್ಲ. ಈ ಎರಡನೆಯ ಸಂಖ್ಯೆಯನ್ನು ಫ್ರಿಜ್ಜಿನ ಬಾಗಿಲ ಮೇಲೆ ಅಂಟಿಸಿಕೊಳ್ಳಿ ಎಂದು ಬಂದವರಿಗೆಲ್ಲ ನಾನು ಹೇಳುತ್ತೇನೆ.

ಇನ್ನು ಕಾಗದ ಪತ್ರಗಳ ವಿಷಯ. ಕಲಬುರಗಿ, ಬೀದರ, ಯಾದಗಿರಿ ಈ ನಮ್ಮ ಮೂರು ಜಿಲ್ಲೆಗಳಿಂದ ಬರುವವರಿಗೆ ಇಲ್ಲೊಂದು ವಿಶೇಷ ತೊಡಕಿದೆ. 2014ರ ನವೆಂಬರ್ 1ರಂದು ಗುಲಬರ್ಗಾ ಕಲಬುರಗಿಯಾಯಿತು. ಅದಕ್ಕೂ ಹಿಂದೆ ಹುಟ್ಟಿದವರ ಪಾಸ್‌ಪೋರ್ಟಿನಲ್ಲಿ ಜನ್ಮಸ್ಥಳ ಗುಲಬರ್ಗಾ ಎಂದಿದ್ದರೆ, ಇತ್ತೀಚಿನ ಪ್ರಮಾಣಪತ್ರಗಳಲ್ಲಿ ಕಲಬುರಗಿ ಎಂದಿರುತ್ತದೆ. ಪದವಿಯಂತೂ ಈಗಲೂ ಗುಲಬರ್ಗಾ ವಿಶ್ವವಿದ್ಯಾಲಯದ ಹೆಸರಿನಲ್ಲಿಯೇ ಬರುತ್ತದೆ. ಅಲ್ಲಿಯ ಕಚೇರಿಗಳಲ್ಲಿ ಕಿಟಕಿಯಾಚೆ ಕುಳಿತ ನೌಕರರಿಗೆ ಇವು ಎರಡು ಬೇರೆ ಊರುಗಳಾಗಿ ಕಾಣುತ್ತವೆ. ನಮ್ಮ ಸಂಘದ ಒಬ್ಬ ಸದಸ್ಯರ ಅರ್ಜಿ ಇದೇ ಕಾರಣಕ್ಕೆ ಹಿಂದಕ್ಕೆ ಬಂದಿತ್ತು. ಹೆಸರು ಬದಲಾದ ಸರ್ಕಾರಿ ಅಧಿಸೂಚನೆಯ ಪ್ರತಿಯೊಂದನ್ನು ಕಡತದಲ್ಲಿ ಇಟ್ಟುಕೊಂಡರೆ ಈ ಮಾತು ಎರಡು ನಿಮಿಷದಲ್ಲಿ ಮುಗಿಯುತ್ತದೆ. ಹಾಗೆಯೇ ಲೈಸನ್ಸ್ ಇರುವವರು ಹೊರಡುವ ಮುನ್ನ ಕೆಎ-32 ಆಗಲಿ, ಯಾದಗಿರಿಯ 33 ಆಗಲಿ, ಬೀದರಿನ 38 ಆಗಲಿ, ತಮ್ಮ ಆರ್‌ಟಿಒ ಕಚೇರಿಯಿಂದ ಯಾವ ದಿನದಿಂದ ಲೈಸನ್ಸ್ ಇದೆ ಎಂಬ ಪತ್ರವನ್ನು ಇಂಗ್ಲಿಷಿನಲ್ಲಿ ಪಡೆದು ತರಬೇಕು. ಭಾರತದ ಲೈಸನ್ಸ್ ಮೇಲೆ ಒಂಟಾರಿಯೊದಲ್ಲಿ ಮೊದಲ 60 ದಿನ ಮಾತ್ರ ಗಾಡಿ ಓಡಿಸಬಹುದು. ಎರಡು ವರ್ಷಕ್ಕೂ ಮೀರಿದ ಅನುಭವಕ್ಕೆ ಆ ಪತ್ರ ಇದ್ದರೆ ಲಿಖಿತ ಪರೀಕ್ಷೆಯ ನಂತರ ನೇರವಾಗಿ ಕೊನೆಯ ಹಂತದ ರಸ್ತೆ ಪರೀಕ್ಷೆಗೆ ಹೋಗಬಹುದು, ಇಲ್ಲದಿದ್ದರೆ ಹೊಸದಾಗಿ ಕಲಿಯುವ ಹದಿನಾರು ವರ್ಷದವರ ಜೊತೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಅಲ್ಲಿ ಕುಳಿತು ಇಲ್ಲಿಯ ಕಚೇರಿಯಿಂದ ಒಂದು ಪತ್ರ ತರಿಸುವ ಕಷ್ಟ ಪಟ್ಟವರಿಗೇ ಗೊತ್ತು.

ಮನೆ ಬಾಡಿಗೆಗೆ ಹಿಡಿಯುವಾಗ ಮೊದಲ ತಿಂಗಳ ಬಾಡಿಗೆ, ಠೇವಣಿಯಾಗಿ ಕೊನೆಯ ತಿಂಗಳ ಬಾಡಿಗೆ, ಇಷ್ಟನ್ನು ಮಾತ್ರ ಮಾಲೀಕರು ಕೇಳಬಹುದು ಎಂಬುದು ಒಂಟಾರಿಯೊದ ಕಾನೂನು. ಆರು ತಿಂಗಳದ್ದು ಮುಂಗಡ ಕೊಡಿ ಎಂದವರ ಮಾತಿಗೆ ಒಪ್ಪಬೇಕಿಲ್ಲ. ಕಣ್ಣಾರೆ ನೋಡದ ಮನೆಗೆ ಊರಿನಿಂದಲೇ ಹಣ ಕಳಿಸಬಾರದು. ಇದರ ಬಗ್ಗೆ ಮೊದಲೂ ಬರೆದಿದ್ದೇನೆ.

ಕೆಲಸದ ಮಾತು ಇದಕ್ಕಿಂತ ಭಾರವಾದದ್ದು. ಮನೆಗೆ ಬಂದಿದ್ದ ಆ ಹೆಣ್ಣುಮಗಳಿಗೆ ಒಂಟಾರಿಯೊದಲ್ಲಿ ನರ್ಸ್ ಆಗಬೇಕಾದರೆ ಅಲ್ಲಿ ನರ್ಸ್‌ಗಳಿಗೆ ಪರವಾನಗಿ ಕೊಡುವ ಮಂಡಳಿಯಾದ ಕಾಲೇಜ್ ಆಫ್ ನರ್ಸಸ್‌ನಲ್ಲಿ ನೋಂದಣಿ ಆಗಬೇಕು, ಎನ್‌ಕ್ಲೆಕ್ಸ್ ಎಂಬ ನರ್ಸಿಂಗ್ ಅರ್ಹತಾ ಪರೀಕ್ಷೆ ಪಾಸಾಗಬೇಕು. ಅದು ಮುಗಿಯುವವರೆಗೆ ಅಂಗಡಿಯಲ್ಲಿಯೋ ಗೋದಾಮಿನಲ್ಲಿಯೋ ನಿಲ್ಲುವ ಕೆಲಸ. ನಾಲ್ಕು ವರ್ಷ ರೋಗಿಗಳ ನಾಡಿ ಹಿಡಿದ ಕೈಗೆ ಡಬ್ಬಿ ಜೋಡಿಸುವ ಕೆಲಸ ಬಂದಾಗ ಮೈಗಿಂತ ಮನಸ್ಸು ದಣಿಯುತ್ತದೆ. ಯಾವ ಕೆಲಸವೂ ಕೀಳಲ್ಲ ಎಂದು ಕಾಯಕದ ನೆಲವಾದ ಕಲ್ಯಾಣದ ಕಡೆಯಿಂದ ಬಂದ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೂ ಕಲಿತದ್ದನ್ನು ಬದಿಗಿಟ್ಟು ಬದುಕುವ ನೋವು ನಿಜವಾದ ನೋವು, ಅದನ್ನು ಬೋಧನೆಯ ಮಾತಿನಿಂದ ಮುಚ್ಚಬಾರದು. ಕೆನಡಾದ ಅನುಭವ ಇದೆಯೇ ಎಂಬ ಪ್ರಶ್ನೆ ನಮ್ಮ ಪೀಳಿಗೆಯನ್ನು ಅರೆದು ಹಾಕಿತು. ಅಂಥ ಷರತ್ತು ಮೇಲ್ನೋಟಕ್ಕೇ ತಾರತಮ್ಯ ಎಂದು ಒಂಟಾರಿಯೊದ ಮಾನವ ಹಕ್ಕುಗಳ ಆಯೋಗ 2013ರಲ್ಲಿಯೇ ಹೇಳಿತು. ಇಂಜಿನಿಯರ್ ಪರವಾನಗಿ ಕೊಡುವ ಮಂಡಳಿ 2023ರಲ್ಲಿ ಆ ಷರತ್ತನ್ನು ಕೈಬಿಟ್ಟಿತು. ನಿಯಮ ಬದಲಾದರೂ ಕೆಲಸ ಕೊಡುವವರ ಮನಸ್ಸು ಬದಲಾಗಲು ಹೊತ್ತು ಹಿಡಿಯುತ್ತದೆ. ಇಲ್ಲಿ ಓದಿದ ಕಾಲೇಜಿನಿಂದ ಮತ್ತು ಇಲ್ಲಿಯ ನರ್ಸಿಂಗ್ ಮಂಡಳಿಯಿಂದ ಬೇಕಾದ ಕಾಗದಗಳ ಕೆಲಸವನ್ನು ಈ ಎರಡು ತಿಂಗಳಲ್ಲಿಯೇ ಆರಂಭಿಸು ಎಂದು ಅವಳಿಗೆ ಹೇಳಿದ್ದೇನೆ.

ಸೆಪ್ಟೆಂಬರಿನಲ್ಲಿ ಬರುವವರಿಗೆ ಎರಡು ತಿಂಗಳು ಊರು ಚೆಂದ ಕಾಣುತ್ತದೆ. ನವೆಂಬರಿನ ಮೊದಲ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅಂದಿನಿಂದ ಕಲಬುರಗಿಗೂ ಟೊರಾಂಟೊಗೂ ಇರುವ ಅಂತರ ಒಂಬತ್ತೂವರೆ ಗಂಟೆಯಿಂದ ಹತ್ತೂವರೆಗೆ ಏರುತ್ತದೆ, ಡಿಸೆಂಬರಿನಲ್ಲಿ ಸಂಜೆ ನಾಲ್ಕು ಮುಕ್ಕಾಲಾಗುವ ಮೊದಲೇ ಸೂರ್ಯ ಮುಳುಗುತ್ತಾನೆ. ಮೇ ತಿಂಗಳ ಬಿಸಿಲಿಗೆ ಹೆದರದ ನಮ್ಮ ಜನ ಕುಗ್ಗುವುದು ಚಳಿಗಲ್ಲ, ಈ ಕತ್ತಲೆಗೆ. ನಮ್ಮ ಮೊದಲ ನವೆಂಬರಿನಲ್ಲಿ ನಾನು ರಾತ್ರಿ ಎಂಟೂವರೆಗೆ ಫೋನ್ ಮಾಡಿದರೆ ಇಲ್ಲಿ ಬೆಳಿಗ್ಗೆ ಏಳು ಗಂಟೆ, ಅವ್ವ ಒಲೆಯ ಮುಂದೆ ಇರುತ್ತಿದ್ದಳು. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಹಿಡಿದು ರೊಟ್ಟಿ ಬಡಿಯುತ್ತಿದ್ದಳು. ನನಗೆ ಮಾತಿಗಿಂತ ಮೊದಲು ಆ ಸಪ್ಪಳ ಕೇಳುತ್ತಿತ್ತು. ಹೇಗಿದ್ದೀಯಪ್ಪಾ ಎಂದರೆ "ಎಲ್ಲಾ ಛಲೋ ಅದವ್ವ" ಎನ್ನುತ್ತಿದ್ದೆ. ಮಗಳಿಗೆ ಜ್ವರ ಬಂದ ರಾತ್ರಿಯೂ ಅದನ್ನೇ ಹೇಳಿದ್ದೆ.

ಆ ಸಪ್ಪಳ ಕೇಳಿ ಒಂದು ದಿನ ನಾವೂ ರೊಟ್ಟಿ ಮಾಡಲು ಕುಳಿತೆವು. ಅಂಗಡಿಯಿಂದ ತಂದ ಹಿಟ್ಟು ಬೀಸಿ ಎಷ್ಟು ತಿಂಗಳಾಗಿತ್ತೋ, ಅದರಲ್ಲಿ ಜಿಗಿಯೇ ಇರಲಿಲ್ಲ. ತಟ್ಟಿದಂತೆಲ್ಲ ಅಂಚು ಸೀಳುತ್ತಿತ್ತು. ವಿದ್ಯುತ್ ಒಲೆಯ ಸುರುಳಿಯ ಮೇಲೆ ರೊಟ್ಟಿ ಉಬ್ಬಲಿಲ್ಲ, ಹೊತ್ತಿತು. ಹೊಗೆಗೆ ಛಾವಣಿಯ ಅಲಾರ್ಮ್ ಕೂಗಿಕೊಂಡಿತು, ಮಗಳು ಹೆದರಿ ಅತ್ತಳು, ನನ್ನ ಹೆಂಡತಿ ಹಿಟ್ಟಿನ ಕೈಯಲ್ಲಿಯೇ ಗೋಡೆಗೆ ಒರಗಿ ಕುಳಿತು ಬಹಳ ಹೊತ್ತು ಮಾತಾಡಲಿಲ್ಲ. ಮರುವಾರ ಬೀದರಿನ ಕಡೆಯ ಹಿರಿಯಕ್ಕ ಒಬ್ಬರು, ಹಿಟ್ಟು ಹಳೆಯದಾದರೆ ಕುದಿಯುವ ಎಸರು ಹೆಚ್ಚು ಹಾಕಿ ನಾದಬೇಕು, ಒಲೆ ಹಚ್ಚುವ ಮೊದಲೇ ಮೇಲಿನ ಫ್ಯಾನ್ ಹಾಕಬೇಕು, ತವೆಯ ಮೇಲೆಯೇ ಬಟ್ಟೆಯಿಂದ ಒತ್ತಿ ಬೇಯಿಸಬೇಕು ಎಂದು ನಮ್ಮ ಅಡುಗೆಮನೆಯಲ್ಲಿಯೇ ನಿಂತು ಮಾಡಿ ತೋರಿಸಿದರು. ಅವರು ಅಂದು ಹೇಳಿಕೊಟ್ಟದ್ದು ರೊಟ್ಟಿಯ ಸಂಗತಿ ಮಾತ್ರ. ಆದರೆ ಅಂದಿನಿಂದ ನನ್ನ ಹೆಂಡತಿ ಅವರಿಗೆ ಎಲ್ಲವನ್ನೂ ಕೇಳತೊಡಗಿದಳು.

ಇಲ್ಲಿ ನಮ್ಮ ಸಂಘದವರಿಗೇ ಒಂದು ಮಾತನ್ನು ನೇರವಾಗಿ ಹೇಳಬೇಕಾಗಿದೆ. ಕಲಬುರಗಿ, ಬೀದರ, ಯಾದಗಿರಿಯಿಂದ ಬಂದವರು ನಮ್ಮ ಸಭೆಗಳಲ್ಲಿ ಬಾಯಿ ತೆರೆದಾಗ ಕೆಲವರು ನಗುತ್ತಾರೆ. ಪ್ರೀತಿಯಿಂದಲೇ ನಗುತ್ತಿರಬಹುದು, ಇನ್ನೊಮ್ಮೆ ಹಾಗೆಯೇ ಮಾತಾಡಿ ಎಂದು ಕೇಳುತ್ತಿರಬಹುದು. ಆದರೆ ಬಂದು ಒಂದು ತಿಂಗಳಾಗದ ಹುಡುಗನಿಗೆ ಅದು ಪ್ರೀತಿ ಎಂದು ತಿಳಿಯುವುದಿಲ್ಲ. ಅವನು ಎರಡನೆಯ ಸಭೆಯಲ್ಲಿ ಇಂಗ್ಲಿಷಿಗೆ ತಿರುಗುತ್ತಾನೆ, ಮೂರನೆಯದಕ್ಕೆ ಬರುವುದಿಲ್ಲ. ಕನ್ನಡದ ಜೊತೆ ದಖ್ಖನಿ, ಮರಾಠಿ, ತೆಲುಗು ಕೇಳುತ್ತ ಬೆಳೆದ ಜನ ಇವರು. ಟೊರಾಂಟೊದಲ್ಲಿ ನನಗೆ ಮೊದಲು ಸಿಕ್ಕ ಗೆಳೆಯ ಹೈದರಾಬಾದಿನ ಟ್ಯಾಕ್ಸಿ ಚಾಲಕ. ನನ್ನ ಬಾಯಿಂದ ಬಂದ, ಬೇಡ ಎನ್ನುವ ದಖ್ಖನಿಯ ಒಂದು "ನಕ್ಕೋ" ಕೇಳಿ ಗಾಡಿ ನಿಲ್ಲಿಸಿ ತಿರುಗಿ ನೋಡಿದ್ದ. ಪರರ ನಡುವೆ ಬದುಕುವ ವಿದ್ಯೆಯನ್ನು ಓಣಿಯಲ್ಲಿಯೇ ಕಲಿತು ಬಂದವರು ಕನ್ನಡಿಗರ ನಡುವೆಯೇ ನಾಲಿಗೆ ಕಟ್ಟಿಕೊಳ್ಳಬೇಕಾಗುವುದು ನಮಗೆ ಶೋಭೆಯಲ್ಲ.

ಮೊನ್ನೆ ಬೀದರಿಗೆ ಹೋಗಿದ್ದೆ. ಇರಾನಿನ ಗೀಲಾನಿನಿಂದ ವ್ಯಾಪಾರಿಯಾಗಿ ಬಂದು ಬಹಮನಿ ರಾಜ್ಯದ ವಜೀರನಾದ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾದ ಮುಂದೆ, ಉಳಿದಿರುವ ಒಂದು ಮಿನಾರಿನ ಹೆಂಚಿನ ಬಣ್ಣ ನೋಡುತ್ತ ನಿಂತೆ. ಹೊರಗಿನಿಂದ ಬಂದವರು ಆಫಾಕಿಗಳು, ಮೊದಲೇ ನೆಲೆಸಿದವರು ದಖ್ಖನಿಗಳು ಎಂದು ಆ ದರ್ಬಾರು ಎರಡಾಗಿತ್ತು. ಬಂದ ಊರಿಗೆ ಇಂಥ ಕಟ್ಟಡ ಕೊಟ್ಟವನನ್ನು 1481ರಲ್ಲಿ ಒಂದು ಕಳ್ಳಪತ್ರದ ನೆಪದಲ್ಲಿ ಕೊಂದರು, ಆಮೇಲೆ ಆ ರಾಜ್ಯವೂ ಒಡೆದು ಹೋಳಾಯಿತು. ನಮ್ಮದು ಸಣ್ಣ ಸಂಘ, ಇಲ್ಲಿ ಅಂಥದ್ದೇನೂ ಇಲ್ಲ. ಆದರೂ ಕಳೆದ ವರ್ಷದ ಸಾಮಾನ್ಯ ಸಭೆಯಲ್ಲಿ, ಹೊಸಬರು ಊಟದ ಹೊತ್ತಿಗೆ ಬಂದು ಊಟ ಮುಗಿದೊಡನೆ ಹೋಗುತ್ತಾರೆ ಎಂಬ ಮಾತು ಬಂದಾಗ, ಅವರಲ್ಲಿ ಎಷ್ಟು ಮಂದಿಯ ಹತ್ತಿರ ನಾವು ಕುಳಿತು ಉಂಡೆವು ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಆದ್ದರಿಂದ ಕಾರ್ಯಕಾರಿ ಸಮಿತಿಯ ಮುಂದೆ ಒಂದು ಬೇಡಿಕೆ ಇಡುತ್ತಿದ್ದೇನೆ. ಹೊಸದಾಗಿ ಬರುವ ಪ್ರತಿಯೊಂದು ಮನೆಗೂ ಮೊದಲ ಮೂರು ತಿಂಗಳಿಗೆ ಒಂದು ಹಳೆಯ ಮನೆಯನ್ನು ಜೋಡಿಸಬೇಕು. ವಾರಕ್ಕೊಮ್ಮೆ ಹಳಬರೇ ಫೋನ್ ಮಾಡಬೇಕು, ಏನಾದರೂ ಬೇಕಾದರೆ ಹೇಳಿ ಎಂದು ಬಿಟ್ಟುಬಿಡುವುದು ಸಾಲದು. ಹಾಗೆ ಹೇಳಿದವರಿಗೆ ಯಾರೂ ಏನನ್ನೂ ಹೇಳುವುದಿಲ್ಲ. ಅಕ್ಟೋಬರ್ ಮುಗಿಯುವ ಮೊದಲು ಒಂದು ಶನಿವಾರ ಜೊತೆಗೆ ಹೋಗಿ ಚಳಿಗಾಲದ ಕೋಟು, ಬೂಟು ಕೊಡಿಸಬೇಕು. ಮಕ್ಕಳು ಬೆಳೆದು ಬಿಟ್ಟ ಒಳ್ಳೆಯ ಕೋಟುಗಳು ಎಲ್ಲರ ಮನೆಯ ಕಪಾಟಿನಲ್ಲಿಯೂ ಇವೆ, ಅವನ್ನು ತೊಳೆದು ಸಭಾಂಗಣಕ್ಕೆ ತನ್ನಿ. ಎರಡನೆಯ ಕೀಲಿ ಇಟ್ಟುಕೊಳ್ಳುವುದೂ ಆ ಹಳೆಯ ಮನೆಯವರದೇ ಕೆಲಸ.

ಸೇಡಂನ ದಂಪತಿಗೆ ನಮ್ಮ ಮನೆಯನ್ನೇ ಜೋಡಿಸಿಕೊಂಡಿದ್ದೇನೆ. ಅವರ ಅವ್ವ ಈಗಾಗಲೇ ತಕ್ಕಡಿ ತರಿಸಿ, ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ತಮ್ಮ ಹೊಲದ ತೊಗರಿ ಬೇಳೆ ಎಲ್ಲವನ್ನೂ ತೂಗಿ ಕಟ್ಟುತ್ತಿದ್ದಾರೆ. ತಿನ್ನುವ ವಸ್ತು ಏನಿದ್ದರೂ ಇಳಿದಾಗ ಬರೆದು ತೋರಿಸಬೇಕು, ಹೊಲದ ಮಣ್ಣನ್ನು ಮಾತ್ರ ಒಂದು ಚಿಟಿಕೆಯೂ ಒಯ್ಯಬಾರದು ಎಂದು ಹೇಳಿದಾಗ ಅವರ ಅಪ್ಪ ಜೇಬಿನಿಂದ ಒಂದು ಸಣ್ಣ ಗಂಟನ್ನು ತೆಗೆದು, ಏನೂ ಮಾತಾಡದೆ, ತಮ್ಮ ಹತ್ತಿರವೇ ಇಟ್ಟುಕೊಂಡರು. ಹೈದರಾಬಾದಿನಿಂದ ಹೊರಡುವ ಆ ದಂಪತಿ ಸೆಪ್ಟೆಂಬರ್ ಮೊದಲ ಶನಿವಾರ ಮಧ್ಯಾಹ್ನ ಟೊರಾಂಟೊದ ಪಿಯರ್ಸನ್ ವಿಮಾನ ನಿಲ್ದಾಣದಲ್ಲಿ ಇಳಿಯುತ್ತಾರೆ. ನಾಲ್ಕು ದೊಡ್ಡ ಪೆಟ್ಟಿಗೆಗಳಿವೆ, ನನ್ನ ಕಾರಿನಲ್ಲಿ ಎರಡೇ ಹಿಡಿಸುತ್ತವೆ. ಆ ದಿನ ದೊಡ್ಡ ಗಾಡಿ ತರಬಲ್ಲವರು ದಯವಿಟ್ಟು ಆಗಸ್ಟ್ ಕೊನೆಯೊಳಗೆ ನನಗೆ ತಿಳಿಸಿ.