ಸಂಡೂರಿನಿಂದ, ಸೀರಿಸ್ ಬಗ್ಗೆ

ಪ್ರೀತಿಯ ಗೆಳೆಯಾ,

‘ದಿ ಎಕ್ಸ್‌ಪ್ಯಾನ್ಸ್’ ಎಂಬ ಬಾಹ್ಯಾಕಾಶ ಕಥೆಯ ಧಾರಾವಾಹಿಯ ಆರೂ ಸೀಸನ್ ನೋಡಿದ ಮೇಲೆ ಅದರ ಮೂಲ ಕಾದಂಬರಿಗಳಲ್ಲಿ ಓದಲು ಏನು ಉಳಿದಿರುತ್ತದೆ ಎಂದು ಕೇಳಿದ್ದೆಯಲ್ಲ. ಮೊದಲನೆಯದಾದ ‘ಲೆವಿಯಾಥನ್ ವೇಕ್ಸ್’ ಓದಿ ಮುಗಿಸಿದೆ. ಬೇಕಾದಷ್ಟು ಉಳಿದಿದೆ.

ಕಥೆ ಮೊದಲೇ ಗೊತ್ತಿದ್ದದ್ದು ಒಳ್ಳೆಯದೇ ಆಯಿತು. ಕ್ಯಾಂಟರ್‌ಬರಿ ಹಡಗಿಗೆ ಏನಾಗುತ್ತದೋ ಎಂಬ ಆತಂಕವಿರಲಿಲ್ಲ. ಹಾಗಾಗಿ ಅದು ಹೊತ್ತು ತರುತ್ತಿದ್ದ ಸರಕಿನ ಮೇಲೆ ಗಮನ ನಿಂತಿತು. ಶನಿಯ ಬಳೆಗಳಿಂದ ತಂದ ಮಂಜುಗಡ್ಡೆ ಅದು, ಮಂಗಳ ಮತ್ತು ಗುರುವಿನ ನಡುವಿನ ಕ್ಷುದ್ರಗ್ರಹ ಪಟ್ಟಿಯಲ್ಲಿರುವ ಕುಬ್ಜಗ್ರಹ ಸೀರಿಸ್‌ನ ಲಕ್ಷಾಂತರ ಜನರಿಗೆ ನೀರು. ಹಡಗು ನಾಶವಾದ ಸುದ್ದಿ ಬಂದೊಡನೆ ಅಲ್ಲಿ ಜನ ಏಕೆ ಬೀದಿಗಿಳಿಯುತ್ತಾರೆ ಎಂದು ನಮ್ಮ ಸೀಮೆಯವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟ್ ಕೊಚ್ಚಿಹೋದಾಗ, ಹರಿದುಹೋಗುವ ನೀರಿನ ವಿಡಿಯೊಗಳನ್ನು ಭತ್ತ ಬೆಳೆಯುವವರು ಹೇಗೆ ನೋಡುತ್ತಿದ್ದರು ಎಂಬುದು ನಿನಗೂ ನೆನಪಿರಬೇಕು.

ಧಾರಾವಾಹಿಯಲ್ಲಿ ಒಬ್ಬ ಚಳವಳಿಗಾರ ಕೂಗುತ್ತಾನೆ: ಸೀರಿಸ್ ಮೇಲಿದ್ದ ಹಿಮವನ್ನೆಲ್ಲ ಭೂಮಿ ಮತ್ತು ಮಂಗಳದವರು ಬಾಚಿಕೊಂಡರು ಎಂದು. ಅದಿರಿನ ಲಾರಿಗಳ ಸಾಲು, ಎಲೆಯ ಹಸಿರೇ ಕಾಣದಂತೆ ಕೂತ ಕೆಂಪು ಧೂಳು, ಇವನ್ನು ನೋಡುತ್ತ ಬೆಳೆದ ನನಗೆ ಆ ಮಾತು ಬಹಳ ಹತ್ತಿರದ್ದು. ಬಳ್ಳಾರಿಯ ಗಣಿಗಾರಿಕೆಗೆ ಸುಪ್ರೀಂ ಕೋರ್ಟ್ ತಡೆ ಹಾಕಿದ್ದು 2011ರಲ್ಲಿ. ಈ ಕಾದಂಬರಿ ಪ್ರಕಟವಾದದ್ದೂ ಅದೇ ವರ್ಷ.

ತೆರೆಯ ಮೇಲೆ ಪೂರ್ತಿ ಸಿಗದೆ ಹೋದದ್ದು ಸೀರಿಸ್ ಕಡೆಯ ಜನರ ಮೈ. ಕಡಿಮೆ ಗುರುತ್ವದಲ್ಲಿ ಬೆಳೆದ ಬೆಲ್ಟ್ (ಕ್ಷುದ್ರಗ್ರಹ ಪಟ್ಟಿ) ಜನ ಕಾದಂಬರಿಯಲ್ಲಿ ನೀಳವಾಗಿ, ತೆಳ್ಳಗಿದ್ದಾರೆ. ಅಂಥ ನಟರನ್ನು ಎಲ್ಲಿಂದ ತರುವುದು? ಅವರು ಹೌದು, ಅಲ್ಲ ಎನ್ನುವುದೂ ಕೈಯಲ್ಲೇ. ಅಂತರಿಕ್ಷ ಉಡುಪಿನೊಳಗೆ ತಲೆಯಾಡಿಸಿದರೆ ಹೊರಗಿನವರಿಗೆ ಕಾಣುವುದಿಲ್ಲವಲ್ಲ! ದುಡಿಮೆ ಮೈಯೊಳಗೆ ಇಳಿಯುವ ಬಗೆಯನ್ನು ಇಷ್ಟು ಚಿಕ್ಕ ವಿವರದಲ್ಲಿ ಹಿಡಿದದ್ದು ನನಗೆ ತುಂಬ ಹಿಡಿಸಿತು.

ಅಧ್ಯಾಯಗಳು ಹೋಲ್ಡನ್ ಮತ್ತು ಮಿಲ್ಲರ್ ನಡುವೆ ಸರದಿಯಂತೆ ಸಾಗುತ್ತವೆ. ಗೊತ್ತಾದದ್ದನ್ನೆಲ್ಲ ಜಗತ್ತಿಗೆ ಸಾರಿಬಿಡಬೇಕು ಎನ್ನುವವನು ಹಡಗಿನ ಅಧಿಕಾರಿ ಹೋಲ್ಡನ್. ಅರ್ಧ ಸತ್ಯ ಊರಿಗೆ ಬೆಂಕಿ ಹಚ್ಚಬಲ್ಲದು ಎಂದು ಬಲ್ಲ ಪೊಲೀಸ್ ಮಿಲ್ಲರ್. ಓದುತ್ತ ನಾನು ಮಿಲ್ಲರ್ ಕಡೆಗೇ ವಾಲಿದೆ.

ಒಂದು ಕೊರತೆ ಮಾತ್ರ ಕಾಡಿತು. ಮೊದಲ ಕಂತಿನಿಂದಲೇ ತೆರೆಯನ್ನು ಆಳುವ, ಭೂಮಿಯ ರಾಜಕಾರಣಿ ಅವಸರಾಲ ಈ ಪುಸ್ತಕದಲ್ಲಿ ಇಲ್ಲವೇ ಇಲ್ಲ. ಆಕೆಯನ್ನು ಮುಂಚೆಯೇ ಕರೆತಂದು ಧಾರಾವಾಹಿಯವರು ಸರಿಯಾದ ಕೆಲಸ ಮಾಡಿದರು. ಎರಡನೆಯ ಕಾದಂಬರಿಯಲ್ಲಿ ಆಕೆ ಬರುತ್ತಾಳೆ, ಅದನ್ನು ತರಿಸಿದ್ದೇನೆ. ಮೊದಲನೆಯದನ್ನು ನಿನಗೆ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ನೀನು ಯಾರ ಕಡೆ ಎಂದು ಬರೆ.

ನಿನ್ನ ಗೆಳೆಯ