ಸುಮ್ನೆ ಇದ್ದಾಗ ನಿಲ್ಲುವ ಕಂಪ್ಯೂಟರಿಗೆ ಫಾರ್ಮ್ಯಾಟ್ ಮದ್ದಲ್ಲ

ಸಂಪಾದಕರಿಗೆ ನಮಸ್ಕಾರ.

ಪತ್ರಿಕೆಗಳಲ್ಲಿ ಹೊಸ ಮೊಬೈಲ್ ಬಗ್ಗೆ ಬೇಕಾದಷ್ಟು ಬರುತ್ತದೆ. ಡೆಸ್ಕ್‌ಟಾಪ್ ಕೆಟ್ಟರೆ ಏನು ಮಾಡಬೇಕು ಅಂತ ಬರೆಯುವವರು ಕಡಿಮೆ. ಆದರೆ ತಾಲ್ಲೂಕು ಊರುಗಳ ಡಿಟಿಪಿ ಅಂಗಡಿ, ಶಾಲೆಯ ಆಫೀಸು, ಸಹಕಾರ ಸಂಘ, ಎಲ್ಲ ಕಡೆ ಇವತ್ತಿಗೂ ದುಡಿಯುತ್ತಿರುವುದು ಹಳೇ ಡೆಸ್ಕ್‌ಟಾಪ್‌ಗಳೇ. ಅವಕ್ಕೆ ಬರುವ ಒಂದು ತೊಂದರೆ ಹೀಗಿದೆ. ಕೆಲಸ ಮಾಡುವಷ್ಟು ಹೊತ್ತು ಚೆನ್ನಾಗಿರುತ್ತದೆ. ಊಟ ಮಾಡಿಕೊಂಡು ಬರುವಷ್ಟರಲ್ಲಿ ಹ್ಯಾಂಗ್ ಆಗಿರುತ್ತದೆ. ಮೌಸ್ ಅಲ್ಲಾಡುವುದಿಲ್ಲ, ಯಾವ ಕೀಲಿ ಒತ್ತಿದರೂ ಉತ್ತರವಿಲ್ಲ, ಕೊನೆಗೆ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಬೇಕು. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಸೇವ್ ಮಾಡದೆ ಬಿಟ್ಟಿದ್ದ ಪುಟಗಳು ಹೋದವು ಅಂತಲೇ ಲೆಕ್ಕ.

ನಮ್ಮ ಅಂಗಡಿಯ ಯಂತ್ರಕ್ಕೂ ಇದೇ ಆಯಿತು. ರಿಪೇರಿಗೆ ಕೊಟ್ಟರೆ ವೈರಸ್ ಅಂದರು, ಡಿಸ್ಕ್ ಅಳಿಸಿ ಫಾರ್ಮ್ಯಾಟ್ ಮಾಡಿದರು. ಮತ್ತೆ ಹ್ಯಾಂಗ್ ಆಯಿತು. ರ‍್ಯಾಮ್ ಬದಲಾಯಿಸಿದರು. ಆಮೇಲೆ, ಇದು ಹಳೇದಾಯ್ತು, ಹೊಸದು ತಗೊಳ್ಳಿ ಅಂದುಬಿಟ್ಟರು. ಇದಿಷ್ಟರ ನಡುವೆ ಕೇಳಬೇಕಾದ ಒಂದು ಪ್ರಶ್ನೆಯನ್ನು ಯಾರೂ ಕೇಳಲೇ ಇಲ್ಲ. ಇದು ಕೆಲಸದ ಮಧ್ಯೆ ನಿಲ್ಲುತ್ತದಾ, ಸುಮ್ನೆ ಬಿಟ್ಟಾಗ ನಿಲ್ಲುತ್ತದಾ?

ಈ ಪ್ರಶ್ನೆಗೆ ಸಿಗುವ ಉತ್ತರದಲ್ಲೇ ಅರ್ಧ ದಾರಿ ಸಿಗುತ್ತದೆ. ಫ್ಯಾನಿಗೆ ಧೂಳು ತುಂಬಿ ಬಿಸಿಯಾಗಿ ನಿಲ್ಲುವ ಕಂಪ್ಯೂಟರ್ ಸಾಮಾನ್ಯವಾಗಿ ಜಾಸ್ತಿ ಕೆಲಸ ಇದ್ದಾಗ ನಿಲ್ಲುತ್ತದೆ. ಕೆಟ್ಟ ರ‍್ಯಾಮ್ ಹೊತ್ತುಗೊತ್ತು ನೋಡದೆ ಕಾಟ ಕೊಡುತ್ತದೆ. ಬರೀ ಬಿಡುವಿನಲ್ಲಿ ಮಾತ್ರ ನಿಲ್ಲುತ್ತದೆ ಅಂದರೆ ಮೊದಲು ಅನುಮಾನ ಪಡಬೇಕಾದ್ದು ಕರೆಂಟ್ ಉಳಿಸುವ ವ್ಯವಸ್ಥೆಯ ಮೇಲೆ. ಕಂಪ್ಯೂಟರಿನ ಮಿದುಳಿನಂಥ ಈಗಿನ ಪ್ರೊಸೆಸರ್‌ಗಳು ಕೆಲಸವಿಲ್ಲದಾಗ ತಮ್ಮ ಭಾಗಗಳನ್ನು ಒಂದೊಂದಾಗಿ ಆಫ್ ಮಾಡಿಕೊಳ್ಳುತ್ತವೆ. ಇದಕ್ಕೆ ಸಿ-ಸ್ಟೇಟ್ ಅನ್ನುತ್ತಾರೆ. ನಂಬರ್ ಹೆಚ್ಚಾದಷ್ಟೂ ನಿದ್ದೆ ಆಳ. ಹಾಗೆ ಆಳಕ್ಕೆ ಇಳಿದದ್ದು ಸರಿಯಾಗಿ ಮೇಲೆ ಬರದಿದ್ದರೆ ಇಡೀ ಯಂತ್ರ ಅಲ್ಲೇ ನಿಂತುಬಿಡುತ್ತದೆ.

ಇದು ಬರೀ ನಮ್ಮೂರಿನ ಕಥೆಯಲ್ಲ. 2013ರಲ್ಲಿ ಇಂಟೆಲ್‌ನ ಹ್ಯಾಸ್‌ವೆಲ್ ಪ್ರೊಸೆಸರ್ ಬಂದಾಗ ಅದರ ಸಿ6, ಸಿ7 ನಿದ್ದೆಯಲ್ಲಿ 12 ವೋಲ್ಟ್ ಲೈನಿನಿಂದ ಎಳೆಯುವ ಕರೆಂಟ್ 0.05 ಆಂಪಿಯರ್‌ವರೆಗೂ ಇಳಿಯಬಹುದಿತ್ತು. ಅಷ್ಟು ಕಡಿಮೆ ಲೋಡ್‌ನಲ್ಲಿ ಹಳೇ ಎಸ್‌ಎಂಪಿಎಸ್‌ಗಳು (ಕಂಪ್ಯೂಟರಿನ ಒಳಗೆ ಕರೆಂಟ್ ಹಂಚುವ ಪೆಟ್ಟಿಗೆ) ವೋಲ್ಟೇಜನ್ನು ನೆಟ್ಟಗೆ ಕೊಡಲಾರವು ಅನ್ನುವ ಭಯ ಇತ್ತು. ಹಾಗಾಗಿ ನಮ್ಮ ಯಾವ ಮಾಡೆಲ್ ಇದಕ್ಕೆ ಹೊಂದುತ್ತದೆ ಅಂತ ಎಸ್‌ಎಂಪಿಎಸ್ ಕಂಪನಿಗಳೇ ಪಟ್ಟಿ ಹಾಕಿದವು. 2017ರಲ್ಲಿ ಎಎಂಡಿ ಕಂಪನಿಯ ಮೊದಲ ರೈಜೆನ್ ಪ್ರೊಸೆಸರ್ ಬಂದ ಮೇಲೆ, ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಂಡಿದ್ದ ತುಂಬ ಜನ ಸುಮ್ನೆ ಇದ್ದಾಗ ಹ್ಯಾಂಗ್ ಆಗುತ್ತಿದೆ ಅಂತ ದೂರಿದರು. ಆಮೇಲೆ ಮದರ್‌ಬೋರ್ಡ್‌ಗಳ ಬಯೋಸ್‌ನಲ್ಲಿ (ವಿಂಡೋಸ್ ಶುರುವಾಗುವ ಮೊದಲೇ ಓಡುವ, ಯಂತ್ರದ ಮೂಲ ಸೆಟ್ಟಿಂಗ್‌ಗಳಿರುವ ಪ್ರೋಗ್ರಾಂ) 'ಪವರ್ ಸಪ್ಲೈ ಐಡಲ್ ಕಂಟ್ರೋಲ್' ಅನ್ನುವ ಸೆಟ್ಟಿಂಗ್ ಬಂತು. ಅದನ್ನು 'ಟಿಪಿಕಲ್ ಕರೆಂಟ್ ಐಡಲ್'ಗೆ ಬದಲಾಯಿಸಿದ ಎಷ್ಟೋ ಜನರಿಗೆ ತೊಂದರೆ ನಿಂತುಹೋಯಿತು. ಒಂದು ಪೈಸೆ ಖರ್ಚಿಲ್ಲ.

ಹಾಗಂತ ಎಲ್ಲರೂ ನೇರ ಬಯೋಸ್‌ಗೆ ಕೈ ಹಾಕಬೇಕಿಲ್ಲ. ಮುಂದಿನ ಸಲ ನಿಂತಾಗ ಆಫ್ ಮಾಡುವ ಮೊದಲು ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ಕೀಬೋರ್ಡ್ ದೀಪ ಹತ್ತಿ ಆರುತ್ತಿದ್ದರೆ ಯಂತ್ರ ಜೀವಂತ ಇದೆ, ಎಚ್ಚರವಾಗದೇ ಇರುವುದು ಬಹುಶಃ ಪರದೆ ಮಾತ್ರ. ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಶುರುವಾಗುತ್ತದೆ, ಎಷ್ಟೋ ಸಲ ಪರದೆಯೂ ಬರುತ್ತದೆ, ಸೇವ್ ಮಾಡದ ಕೆಲಸವೂ ಉಳಿಯುತ್ತದೆ. ಮೌಸ್ ಓಡುತ್ತದೆ, ಆದರೆ ಏನೂ ತೆರೆಯುವುದಿಲ್ಲ ಅಂದರೆ ಹಾರ್ಡ್ ಡಿಸ್ಕ್ ಕಡೆ ನೋಡಿ, ಎಲ್ಲಕ್ಕಿಂತ ಮೊದಲು ಫೈಲುಗಳನ್ನು ಬೇರೆ ಕಡೆ ಕಾಪಿ ಮಾಡಿಟ್ಟುಕೊಳ್ಳಿ. ದೀಪವೂ ಬದಲಾಗುವುದಿಲ್ಲ, ಏನೂ ಇಲ್ಲ ಅಂದರೆ ಪೂರ್ತಿ ನಿಂತಿದೆ.

ಪೂರ್ತಿ ನಿಲ್ಲುತ್ತಿದ್ದರೆ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ. ಮೊದಲು ಸ್ಲೀಪ್ ಅನ್ನುವುದನ್ನು 'ನೆವರ್' ಮಾಡಿ ಒಂದೆರಡು ದಿನ ನೋಡಿ. ಆಮೇಲೆ ಅಡ್ವಾನ್ಸ್‌ಡ್ ಸೆಟ್ಟಿಂಗ್‌ನಲ್ಲಿ ಹಾರ್ಡ್ ಡಿಸ್ಕ್ ಆಫ್ ಮಾಡುವ ಸಮಯ ಇರುತ್ತದೆ, ಸಾಮಾನ್ಯವಾಗಿ 20 ನಿಮಿಷ. ಅದನ್ನೂ 'ನೆವರ್' ಮಾಡಿ. ಪಿಸಿಐ ಎಕ್ಸ್‌ಪ್ರೆಸ್ ಕೆಳಗಿನ 'ಲಿಂಕ್ ಸ್ಟೇಟ್ ಪವರ್ ಮ್ಯಾನೇಜ್‌ಮೆಂಟ್' ಕೂಡ ಆಫ್ ಮಾಡಬಹುದು. ಆದರೆ ಎಲ್ಲವನ್ನೂ ಒಂದೇ ದಿನ ಬದಲಾಯಿಸಬೇಡಿ, ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ ಅಲ್ವಾ. ಇದ್ಯಾವುದಕ್ಕೂ ಬಗ್ಗದಿದ್ದರೆ ಆಗ ಬಯೋಸ್. ಅಲ್ಲಿ ಸಿ-ಸ್ಟೇಟ್ ಆಫ್ ಮಾಡಿದರೆ ಕರೆಂಟ್ ಸ್ವಲ್ಪ ಜಾಸ್ತಿ ಎಳೆಯುತ್ತದೆ, ನಿಜ. ಆದರೆ ಹ್ಯಾಂಗ್ ಆಗುವುದು ನಿಂತರೆ ಕಾರಣ ಸಿಕ್ಕ ಹಾಗೆಯೇ. ಆಗ ಬಯೋಸ್ ಅಪ್‌ಡೇಟ್ ಇದೆಯಾ ನೋಡಿ, ಬೇರೆ ಒಳ್ಳೇ ಎಸ್‌ಎಂಪಿಎಸ್ ಹಾಕಿ ಪರೀಕ್ಷೆ ಮಾಡಿಸಿ. ನಮ್ಮ ಯಂತ್ರ ಕೊನೆಗೆ ಸರಿಹೋಗಿದ್ದು ಬಯೋಸ್‌ನ ಈ ಒಂದು ಸೆಟ್ಟಿಂಗ್‌ನಿಂದಲೇ. ಇನ್ನೊಂದು ವಿಷಯ, ಆನ್ ಮಾಡಿದಾಗೆಲ್ಲ ತಾರೀಖು ಹಿಂದಕ್ಕೆ ಹೋಗಿರುತ್ತಿದ್ದರೆ ಬೋರ್ಡಿನ ಮೇಲಿನ ಬಿಲ್ಲೆಯಂಥ ಬ್ಯಾಟರಿ ಸತ್ತಿದೆ ಅಂತ ಅರ್ಥ. ಅದನ್ನು ಹಾಕಿಸದೆ ಬಯೋಸ್‌ನಲ್ಲಿ ಏನು ಬದಲಾಯಿಸಿದರೂ ಕರೆಂಟ್ ಹೋಗಿ ಬಂದಾಗ ಅಳಿಸಿಹೋಗಬಹುದು.

ವಿಂಡೋಸ್ ತನ್ನ ತಪ್ಪುಒಪ್ಪು ಬರೆದಿಡುವ ಈವೆಂಟ್ ವ್ಯೂವರ್‌ನಲ್ಲಿ 'ಕರ್ನಲ್ ಪವರ್ 41' ಅನ್ನುವ ಕೆಂಪು ಗುರುತು ತೋರಿಸಿ, ನೋಡಿ ಎಸ್‌ಎಂಪಿಎಸ್ ಹೋಗಿದೆ ಅನ್ನುವವರಿದ್ದಾರೆ. ಆ ಸಾಲು ಹೇಳುವುದು ಹಿಂದಿನ ಸಲ ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗಿರಲಿಲ್ಲ ಅಂತ ಅಷ್ಟೇ. ನೀವು ಬಟನ್ ಒತ್ತಿ ಹಿಡಿದು ಆಫ್ ಮಾಡಿದರೂ ಅದೇ ಸಾಲು ಬರುತ್ತದೆ. ನೋಡಬೇಕಾದ್ದು ಅದಕ್ಕಿಂತ ಮುಂಚಿನ ನಿಮಿಷಗಳಲ್ಲಿ ಡಿಸ್ಕ್ ಅಥವಾ ಡಿಸ್‌ಪ್ಲೇ ಡ್ರೈವರ್ ಏನಾದರೂ ದೂರಿದೆಯಾ ಅಂತ.

ನನಗೆ ಸಿಟ್ಟು ಬರುವುದು ಫಾರ್ಮ್ಯಾಟ್ ವಿಷಯದಲ್ಲಿ. ಫೈಲುಗಳ ಇನ್ನೊಂದು ಪ್ರತಿ ಇದೆಯಾ ಅಂತಲೂ ಕೇಳದೆ ಡಿಸ್ಕ್ ಅಳಿಸುತ್ತಾರೆ. ಶಾಲೆಯ ದಾಖಲೆ, ಸಂಘದ ಲೆಕ್ಕ, ಯಾರದೋ ಮದುವೆ ಫೋಟೋ ಎಲ್ಲ ಅದರಲ್ಲಿರುತ್ತದೆ. ಅದರ ಮೇಲೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿದ ಮೇಲೆ, ಯಾವ ತೊಂದರೆಗೂ ಹೊಸದು ತಗೊಳ್ಳಿ ಅನ್ನುವುದು ಸುಲಭವಾಗಿಬಿಟ್ಟಿದೆ. ಹೊಸದು ಬೇಕಾದವರು ಕೊಳ್ಳಲಿ. ಆದರೆ ಒಂದು ಸೆಟ್ಟಿಂಗ್‌ನಿಂದ ಸರಿಹೋಗುವ ಯಂತ್ರವನ್ನು ಗುಜರಿಗೆ ಕಳಿಸುವುದು ಅನ್ಯಾಯ.

ವಾರಕ್ಕೊಮ್ಮೆ ಇಂಥ ಒಂದೊಂದು ತೊಂದರೆಯ ಬಗ್ಗೆ ಕನ್ನಡದಲ್ಲಿ, ಚಿತ್ರದ ಜೊತೆ, ಕಾಲು ಪುಟ ಕೊಡಿ ಅಂತ ನಿಮ್ಮಲ್ಲಿ ಕೇಳುತ್ತೇನೆ. ರಿಪೇರಿ ಅಂಗಡಿಯವರಲ್ಲೂ ಒಂದು ಮಾತು. ಬಿಲ್ಲಿನಲ್ಲಿ ಬರೀ 'ಸರ್ವಿಸ್' ಅಂತ ಬರೆಯುವ ಬದಲು ಏನು ಪರೀಕ್ಷೆ ಮಾಡಿದಿರಿ, ಯಾವ ಸೆಟ್ಟಿಂಗ್ ಬದಲಾಯಿಸಿದಿರಿ ಅಂತ ಎರಡು ಸಾಲು ಬರೆದುಕೊಡಿ. ಮುಂದಿನ ಸಲ ಅದನ್ನು ನೋಡುವವರು ಮತ್ತೆ ಫಾರ್ಮ್ಯಾಟ್‌ನಿಂದ ಶುರು ಮಾಡುವುದು ತಪ್ಪುತ್ತದೆ.

ಇಂತಿ,
ಡಿಟಿಪಿ ಕೆಲಸದ ಒಬ್ಬ ಓದುಗ, ತಿಪಟೂರು