ಹೋದ ವರ್ಷ ಕೆನಡಾಕ್ಕೆ ಬಂದವರಿಗೆ: ಮೊದಲ ಟ್ಯಾಕ್ಸ್ ರಿಟರ್ನ್

ಎಲ್ಲರಿಗೂ ನಮಸ್ಕಾರ. ಹೋದ ವರ್ಷ ಬಂದು ಇಲ್ಲಿ ನೆಲೆಸಿದವರು ದಯವಿಟ್ಟು ಪೂರ್ತಿ ಓದಿ.

ರಿಟರ್ನ್ ಸಲ್ಲಿಸಲು ಏಪ್ರಿಲ್ 30 ಕೊನೇ ದಿನ. ಊರಿನ ಹಾಗೆ ಜುಲೈ ತನಕ ಸಮಯ ಇದೆ ಅಂದುಕೊಳ್ಳಬೇಡಿ. ತೆರಿಗೆ ಬಾಕಿ ಇಟ್ಟುಕೊಂಡು ತಡ ಮಾಡಿದರೆ ಬಾಕಿಯ ಶೇ. 5 ದಂಡ, ಅದರ ಮೇಲೆ ತಿಂಗಳಿಗೆ ಶೇ. 1, ಜೊತೆಗೆ ಬಡ್ಡಿ.

ಹೆಚ್ಚಿನವರು ಎಡವುವುದು ಊರಿನ ಹಣದ ವಿಷಯದಲ್ಲಿ. ಇಲ್ಲಿನ ನಿವಾಸಿಯಾದ ದಿನದಿಂದ ಊರಿನ ಎಫ್‌ಡಿ ಬಡ್ಡಿ, ಮನೆ ಬಾಡಿಗೆ ಎಲ್ಲವನ್ನೂ ಇಲ್ಲಿ ತೋರಿಸಬೇಕು. ಎನ್‌ಆರ್‌ಇ ಖಾತೆಯ (ವಿದೇಶದಲ್ಲಿರುವ ಭಾರತೀಯರ ಬ್ಯಾಂಕ್ ಖಾತೆ) ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ, ಆದರೆ ಇಲ್ಲಿ ಇದೆ! ಬರುವ ಮುಂಚೆ ಭಾರತದಲ್ಲಿ ದುಡಿದ ಸಂಬಳಕ್ಕೆ ಇಲ್ಲಿ ತೆರಿಗೆ ಬೀಳುವುದಿಲ್ಲ. ಹಾಗಾಗಿ ಬಂದ ತಾರೀಖನ್ನು ಸರಿಯಾಗಿ ಬರೆಯಿರಿ. ಊರಲ್ಲಿ ಟಿಡಿಎಸ್ (ಹಣ ಕೊಡುವಾಗಲೇ ಹಿಡಿದುಕೊಳ್ಳುವ ತೆರಿಗೆ) ಕಡಿತವಾಗಿದ್ದರೆ ಅದರ ಕಾಗದ ಜೋಪಾನ, ಇಲ್ಲಿ ಕ್ರೆಡಿಟ್ ಕೇಳಲು, ಅಂದರೆ ಅಲ್ಲಿ ಕಟ್ಟಿದ ತೆರಿಗೆಯನ್ನು ಇಲ್ಲಿನ ತೆರಿಗೆಯಲ್ಲಿ ಕಳೆಯಲು, ಬೇಕಾಗುತ್ತದೆ.

ಮನೆಯಲ್ಲಿರುವವರಿಗೆ ಸಂಪಾದನೆ ಇಲ್ಲದಿದ್ದರೂ ಅವರ ರಿಟರ್ನ್ ಹಾಕಿ. ನಮ್ಮ ಮನೆಯವರದ್ದು ಹಾಕದೆ ಬಿಟ್ಟಿದ್ದಕ್ಕೆ ಸರ್ಕಾರ ಕೊಡುವ ಮಗುವಿನ ಭತ್ಯೆ ತಿಂಗಳುಗಟ್ಟಲೆ ನಿಂತುಹೋಗಿತ್ತು. ಆ ಪಾಡು ನಿಮಗೆ ಬೇಡ.

ಆದಾಯ ಕಡಿಮೆ ಇದ್ದರೆ ಸ್ವಯಂಸೇವಕರ ಉಚಿತ ಟ್ಯಾಕ್ಸ್ ಕ್ಲಿನಿಕ್‌ಗಳಿವೆ, ಮಾರ್ಚ್‌ನಲ್ಲೇ ಹೋಗಿ. ಸಂಶಯವಿದ್ದರೆ ಇಲ್ಲೇ ಕೇಳಿ. ಸಿನ್ ನಂಬರ್ (ಸರ್ಕಾರ ಕೊಟ್ಟ ನಿಮ್ಮ ಸೋಶಿಯಲ್ ಇನ್ಶೂರೆನ್ಸ್ ಸಂಖ್ಯೆ) ಮಾತ್ರ ಗುಂಪಿನಲ್ಲಿ ಯಾರೂ ಹಾಕಬೇಡಿ.